ಕೀಲಿಯ ಮೇಲೆ ಹೊರಿಸಿದ ಭಾರ

ಅಮೆರಿಕದ ವಾಲ್ನಟ್ ಕ್ರೀಕಿನ ನಮ್ಮ ಮನೆಯಲ್ಲಿ 1978ರ ಫೋಕ್ಸ್‌ವ್ಯಾಗನ್ ವ್ಯಾನೊಂದಿದೆ. ಈಚೆಗೆ ಅದರ ಇಗ್ನಿಷನ್ ಸ್ವಿಚ್ ಬದಲಿಸಿದೆ. ಬಿಚ್ಚಿ ತೆಗೆದ ಹಳೆಯ ಸ್ವಿಚ್ಚನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದು. ಸುತ್ತ ಪ್ಲಾಸ್ಟಿಕ್ಕಿನ ಕವಚ, ಒಳಗೆ ನಾಲ್ಕಾರು ಹಿತ್ತಾಳೆ ಪಟ್ಟಿ, ಒಂದು ಸ್ಪ್ರಿಂಗ್, ಅಷ್ಟೇ. ಎಂಜಿನ್‌ಗೆ ಜೀವ ಕೊಡುವುದು, ಸೆಲ್ಫ್ ಎಳೆಯುವುದು, ಹೆಡ್‌ಲೈಟಿಗೆ ಕರೆಂಟ್ ದಾಟಿಸುವುದು, ಎಲ್ಲವೂ ಇದರ ಪಾಲಿಗೆ ಬಂದಿದೆ. ಇಷ್ಟು ಚಿಕ್ಕ ಸಾಮಾನಿನ ಮೇಲೆ ಇಷ್ಟೊಂದು ಕೆಲಸವನ್ನು ಯಾರೂ ಒಂದೇ ದಿನ ಹೇರಿದ್ದಲ್ಲ. ಅದಕ್ಕೆ ಅರವತ್ತು ಎಪ್ಪತ್ತು ವರ್ಷ ಹಿಡಿಯಿತು. ಆ ಚರಿತ್ರೆ ತಿಳಿದರೆ ಸ್ವಿಚ್ ಯಾಕೆ ಕೆಡುತ್ತದೆ ಎಂಬುದೂ ತಿಳಿಯುತ್ತದೆ.

ನಾನು ಬೆಳೆದದ್ದು ತಿಪಟೂರಿನಲ್ಲಿ. ಬಿ.ಎಚ್. ರಸ್ತೆಯಲ್ಲಿ ನಮ್ಮ ಸೋದರಮಾವನದು ವಾಹನಗಳ ವೈರಿಂಗ್ ರಿಪೇರಿ ಅಂಗಡಿ. ಕೊಬ್ಬರಿ ಹೇರಲು ಬರುತ್ತಿದ್ದ ಹಳೆಯ ಪೆಟ್ರೋಲ್ ಲಾರಿಗಳು ಬೆಳಗಿನ ಹೊತ್ತು ಸೆಲ್ಫಿಗೆ ಜಗ್ಗುತ್ತಿರಲಿಲ್ಲ. ಕ್ಲೀನರ್ ಹುಡುಗ ಮುಂದಕ್ಕೆ ಹೋಗಿ ಹ್ಯಾಂಡಲ್ ತೂರಿಸಿ ಹೊಡೆಯಬೇಕಿತ್ತು. ಹೊಸಬನಿಗೆ ಡ್ರೈವರ್ ಕಲಿಸುತ್ತಿದ್ದ ಮೊದಲ ಪಾಠ, ಹೆಬ್ಬೆರಳನ್ನು ಹಿಡಿಗೆ ಸುತ್ತಬೇಡ, ಉಳಿದ ಬೆರಳುಗಳ ಜೊತೆಗೇ ಇಟ್ಟುಕೋ ಎಂದು. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಕೈಯಿಂದ ಜಾರಿ ಹೋಗಬೇಕು, ಸುತ್ತಿ ಹಿಡಿದರೆ ಮಣಿಕಟ್ಟು ಮುರಿಯುತ್ತದೆ. ಅಂಬಾಸಿಡರ್ ಕಾರಿಗೂ ಹ್ಯಾಂಡಲ್ ಹಾಕುವ ತೂತು ಇತ್ತು ಎಂಬುದು ನನ್ನ ವಯಸ್ಸಿನವರಿಗೆ ನೆನಪಿರುತ್ತದೆ.

ಮೋಟಾರಿನ ಮೊದಲ ದಿನಗಳಲ್ಲಿ ಎಲ್ಲ ಕಡೆಯೂ ಹೀಗೆಯೇ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರನ್ನು ಮುಂದೆ ನಿಂತು ಕೈಯಿಂದ ತಿರುಗಿಸಿಯೇ ಹೊರಡಿಸಬೇಕಿತ್ತು. ಒಳಗಿದ್ದ ಸ್ವಿಚ್ಚಿಗೆ ಒಂದೇ ಕೆಲಸ, ಕಿಡಿ ಹಾರಿಸುವ ಕಾಯಿಲಿಗೆ ಕರೆಂಟ್ ಬಿಡುವುದು ಅಥವಾ ತಡೆಯುವುದು. ಎಂಜಿನ್ ತಿರುಗಿಸುವ ಭಾರವೆಲ್ಲ ಮನುಷ್ಯನ ರಟ್ಟೆಯ ಮೇಲೆ. ಓಹಾಯೊದ ಡೇಟನ್ನಿನಲ್ಲಿ ಡೆಲ್ಕೊ ಕಂಪನಿ ಕಟ್ಟಿದ ಚಾರ್ಲ್ಸ್ ಕೆಟರಿಂಗ್ ನಾವು ಸೆಲ್ಫ್ ಎನ್ನುವ ವಿದ್ಯುತ್ ಸ್ಟಾರ್ಟರ್ ತಯಾರಿಸಿದರು. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ಪೇಟೆಂಟ್ ಸಿಕ್ಕಿದ್ದು 1915ರಲ್ಲಿ. ಅಲ್ಪಕಾಲ ಮಾತ್ರ ಓಡುವ ಮೋಟಾರಿಗೆ ಹೆಚ್ಚು ಕರೆಂಟ್ ಕೊಟ್ಟರೂ ಸುಡುವುದಿಲ್ಲ, ಹಾಗಾಗಿ ಚಿಕ್ಕ ಮೋಟಾರೇ ಸಾಕು ಎಂಬುದು ಅವರ ಲೆಕ್ಕಾಚಾರ. ಮುರಿದ ಮಣಿಕಟ್ಟುಗಳ ಕಾಲವನ್ನು ಮುಗಿಸಿದ ಈ ಕೆಲಸವನ್ನು ನಾನು ಮೋಟಾರಿನ ಚರಿತ್ರೆಯಲ್ಲೇ ಬಲು ದೊಡ್ಡದೆಂದು ಎಣಿಸುತ್ತೇನೆ. ರಟ್ಟೆಯ ಬಲ ಇಲ್ಲದವರೂ ಕಾರು ಹೊರಡಿಸುವಂತಾದದ್ದು ಇದರಿಂದಲೇ.

ಆಗಲೂ ಕೀಲಿಗೆ ಸ್ಟಾರ್ಟರಿನ ಹೊಣೆ ಬಂದಿರಲಿಲ್ಲ. ಕೀ ಆನ್ ಮಾಡಿ, ಕಾಲಿನಿಂದ ಗುಂಡಿ ತುಳಿಯಬೇಕು, ಇಲ್ಲವೇ ಕೈಯಿಂದ ಒತ್ತಬೇಕು. ಎರಡಕ್ಕೂ ಬೇರೆ ಬೇರೆ ದಾರಿ, ಬೇರೆ ಬೇರೆ ತಂತಿ. ಕೀ ತಿರುಗಿಸಿದರೇ ಎಂಜಿನ್ ಹೊರಡುವ ಏರ್ಪಾಟನ್ನು ಕ್ರೈಸ್ಲರ್ ಕಂಪನಿ 1949ರ ಕಾರುಗಳಲ್ಲಿ ತಂದಿತು. ಅದು ಅನುಕೂಲವೇ, ಅನುಮಾನವಿಲ್ಲ. ಆದರೆ ಆವತ್ತಿನಿಂದ ಎರಡು ಸ್ವಿಚ್ಚುಗಳ ಭಾರ ಒಂದರ ಮೇಲೆ ಬಿತ್ತು.

ನನ್ನ ವ್ಯಾನಿನ ವಂಶ ಶುರುವಾದದ್ದೂ ಅದೇ ಹೊತ್ತಿನಲ್ಲಿ. ಡಚ್ ವ್ಯಾಪಾರಿ ಬೆನ್ ಪಾನ್ 1947ರ ಏಪ್ರಿಲ್‌ನಲ್ಲಿ ತನ್ನ ನೋಟುಬುಕ್ಕಿನಲ್ಲಿ ಡಬ್ಬಿಯಾಕಾರದ ಗಾಡಿಯೊಂದನ್ನು ಗೀಚಿದ, ಎಂಜಿನ್ ಹಿಂದೆ, ಡ್ರೈವರ್ ಮುಂದಿನ ಚಕ್ರದ ಮೇಲೆ. 1950ರ ಮಾರ್ಚ್‌ನಲ್ಲಿ ಫೋಕ್ಸ್‌ವ್ಯಾಗನ್ನಿನ ವೂಲ್ಫ್ಸ್‌ಬರ್ಗ್ ಕಾರ್ಖಾನೆಯಲ್ಲಿ ಅದರ ತಯಾರಿಕೆ ಆರಂಭವಾಯಿತು, 1956ರಲ್ಲಿ ಹ್ಯಾನೋವರಿಗೆ ಹೋಯಿತು. 1131 ಸಿಸಿ ಎಂಜಿನ್, 25 ಕುದುರೆ ಶಕ್ತಿ. ಆರಂಭದ ವ್ಯಾನುಗಳ ಡ್ಯಾಶ್‌ಬೋರ್ಡಿನಲ್ಲಿ ಕೀಲಿಗೊಂದು ಜಾಗ, ಸ್ಟಾರ್ಟರಿಗೆ ಬೇರೆ ಗುಂಡಿ.

ಕನ್ನಡದ ಓದುಗರಿಗೆ ಇದರ ಒಂದು ದಾಯಾದಿಯ ಪರಿಚಯವಿದೆ. ಹ್ಯಾಂಬರ್ಗಿನ ಟೆಂಪೊ ಕಂಪನಿ 1949ರಲ್ಲಿ ಮೆಟಡಾರ್ ಎಂಬ ಚಿಕ್ಕ ಗಾಡಿ ತಂದಾಗ ಅದರಲ್ಲಿದ್ದದ್ದು ಫೋಕ್ಸ್‌ವ್ಯಾಗನ್ನಿನಿಂದಲೇ ಕೊಂಡ ಎಂಜಿನ್. ತನ್ನದೇ ವ್ಯಾನ್ ಮಾರುಕಟ್ಟೆಗೆ ಬಂದ ಮೇಲೆ ಫೋಕ್ಸ್‌ವ್ಯಾಗನ್ ಎಂಜಿನ್ ಕೊಡುವುದನ್ನು ನಿಲ್ಲಿಸಿತು. 1958ರಲ್ಲಿ ಶುರುವಾದ ನಮ್ಮ ಬಜಾಜ್ ಟೆಂಪೊ ಆ ಜರ್ಮನ್ ಕಂಪನಿಯ ಲೈಸೆನ್ಸಿನಲ್ಲಿ ಮೊದಲು ಮೂರು ಚಕ್ರದ ಗಾಡಿ ಮಾಡಿತು. ಸುಮಾರು ಹತ್ತು ವರ್ಷಗಳ ಬಳಿಕ ಮೆಟಡಾರ್ ಅನ್ನೂ ತಂದಿತು. ಮದುವೆ ದಿಬ್ಬಣ, ತೆಂಗಿನಕಾಯಿ, ಸಂತೆಯ ಜನ, ಮೆಟಡಾರ್ ಹೊರದ ಭಾರವಿಲ್ಲ. ಮಾವನ ಅಂಗಡಿಗೆ ಬರುತ್ತಿದ್ದ ವ್ಯಾನುಗಳಲ್ಲಿ ಅದೇ ಹೆಚ್ಚು. ಅದರ ಎಂಜಿನ್ ಇರುವುದು ಮುಂದೆ, ಡ್ರೈವರ್ ಪಕ್ಕದಲ್ಲಿ. ಕೀಲಿಯಿಂದ ಸೆಲ್ಫಿಗೆ ಹೋಗುವ ತಂತಿ ಗಿಡ್ಡ. ನನ್ನ ವ್ಯಾನಿನ ತೊಂದರೆ ಅರ್ಥವಾಗಲು ಈ ವ್ಯತ್ಯಾಸ ಮುಖ್ಯ.

ಕೀಲಿಯ ಮೇಲೆ ಕೊನೆಯ ಹೊರೆ ಹೇರಿದ್ದು ಕಾನೂನು. ಕೀ ಬಿಟ್ಟುಹೋದ ಕಾರುಗಳು ಕಳುವಾಗುವುದು ಹೆಚ್ಚಾದಾಗ ಅಮೆರಿಕದ ಸರ್ಕಾರ 114ನೆಯ ಸುರಕ್ಷಾ ನಿಯಮ ಮಾಡಿತು. 1970ರ ಜನವರಿ 1ರಿಂದ ಪ್ರಯಾಣಿಕರ ಕಾರುಗಳಿಗೆ ಅದು ಅನ್ವಯಿಸಿತು. ಕೀ ತೆಗೆದರೆ ಸ್ಟೀರಿಂಗ್ ಆಗಲಿ ಗಾಡಿಯ ಚಲನೆಯಾಗಲಿ ಕಟ್ಟಿಬೀಳಬೇಕು. ಕೀ ಅಲ್ಲೇ ಬಿಟ್ಟು ಬಾಗಿಲು ತೆಗೆದರೆ ಎಚ್ಚರಿಕೆ ಸದ್ದಾಗಬೇಕು. ಡ್ಯಾಶ್‌ಬೋರ್ಡಿನಲ್ಲಿದ್ದ ಕೀಲಿ ಸ್ಟೀರಿಂಗ್ ಕಂಬಕ್ಕೆ ಸರಿಯಿತು, ಅದರ ಹಿಂದೆ ಸ್ವಿಚ್ಚೂ ಲೋಹದ ಕವಚದೊಳಕ್ಕೆ ಹೋಯಿತು. ನಿಯಮ ಒಳ್ಳೆಯದೇ. ಆದರೆ ಕಾರಿನಲ್ಲಿ ಅತಿ ಅಗ್ಗದ ಸಾಮಾನುಗಳಲ್ಲೊಂದು ಕೈಗೆಟುಕದ ಜಾಗಕ್ಕೆ ಸೇರಿಕೊಂಡದ್ದು ಆಗಲೇ.

ಈಗ ನನ್ನ ವ್ಯಾನಿನ ಒಳಗೆ ಕರೆಂಟ್ ಮೊದಲಿಗೆ ಹಾಯುತ್ತಿದ್ದ ದಾರಿ ನೋಡಿ. ಬ್ಯಾಟರಿ ಹಿಂದೆ, ಎಂಜಿನ್ ಪಕ್ಕದಲ್ಲಿ. ಸ್ಟಾರ್ಟರೂ ಹಿಂದೆ. ಸ್ವಿಚ್ ಮುಂದೆ. ಬ್ಯಾಟರಿಯಿಂದ ಹೊರಟ ಕರೆಂಟ್ ಸುಮಾರು 4.5 ಮೀಟರ್ ಉದ್ದದ ವ್ಯಾನನ್ನು ಹಾಯ್ದು ಸ್ವಿಚ್ಚಿನ 30 ಎಂಬ ಸಂಖ್ಯೆಯ ಕಾಲಿಗೆ ಬರುತ್ತದೆ. ಕೀ ಪೂರ್ತಿ ತಿರುಗಿಸಿದಾಗ 50ನೆಯ ಕಾಲಿನಿಂದ ಹೊರಟು ಮತ್ತೆ ಅಷ್ಟೂ ದೂರ ಹಿಂದಕ್ಕೆ ಹೋಗಿ ಸ್ಟಾರ್ಟರಿಗೆ ಕರೆಂಟ್ ಬಿಡುವ ಸೊಲೆನಾಯ್ಡನ್ನು ಎಳೆಯಬೇಕು. ನಡುವೆ ರಿಲೇ, ಅಂದರೆ ಸಣ್ಣ ಕರೆಂಟಿನ ಸನ್ನೆಗೆ ದೊಡ್ಡ ಕರೆಂಟನ್ನು ದಾಟಿಸುವ ಸ್ವಿಚ್, ಇಲ್ಲ. ಹೆಡ್‌ಲೈಟಿನ ಕರೆಂಟೂ ಇದೇ ಸ್ವಿಚ್ ದಾಟಿಯೇ ಬರುತ್ತದೆ, ಎರಡು ಹೈ ಬೀಮ್ ದೀಪಗಳೇ ಸುಮಾರು 10 ಆಂಪಿಯರ್ ಎಳೆಯುತ್ತವೆ. ಪ್ರತಿಸಲ ಕಾಂಟ್ಯಾಕ್ಟ್ ಕೂಡುವಾಗ, ಬಿಡುವಾಗ ಸಣ್ಣ ಕಿಡಿ. ಕಿಡಿಯಿಂದ ಕಾರ್ಬನ್, ಕಾರ್ಬನ್ನಿನಿಂದ ಬಿಸಿ, ಬಿಸಿಯಿಂದ ಪ್ಲಾಸ್ಟಿಕ್ ಒಡಕು. ತಂತಿಯಲ್ಲೂ ಸ್ವಿಚ್ಚಿನಲ್ಲೂ ವೋಲ್ಟೇಜ್ ಸೋರಿಹೋಗಿ ಸ್ಟಾರ್ಟರ್ ಮುಟ್ಟುವಷ್ಟರಲ್ಲಿ 12 ವೋಲ್ಟ್ ಉಳಿದಿರುವುದಿಲ್ಲ.

ವಾಲ್ನಟ್ ಕ್ರೀಕ್ ಈ ರೋಗವನ್ನು ಬೇಗ ಹೊರಗೆಡಹುವ ಊರು. 1937ರಲ್ಲಿ ಬೆಟ್ಟದಡಿ ಕಾಲ್ಡೆಕಾಟ್ ಸುರಂಗ ತೆರೆದ ಮೇಲೆ ಓಕ್‌ಲ್ಯಾಂಡಿಗೆ ಹೋಗಿಬರುವವರು ಇಲ್ಲಿ ಮನೆ ಕಟ್ಟಿಕೊಂಡರು, ಅಕ್ರೋಟಿನ ತೋಟಗಳ ಊರು ಕಾರುಗಳ ಊರಾಯಿತು. ಬೇಸಿಗೆಯಲ್ಲಿ ಸುರಂಗದ ಆಚೆ ಕೊಲ್ಲಿಯ ತಂಪು ಮಂಜು, ಈಚೆ ಬಂದರೆ ಸುಡುವ ಬಿಸಿಲು. ಊರ ಪಕ್ಕದ ಡಯಾಬ್ಲೊ ಬೆಟ್ಟ ಹತ್ತಿ ಇಳಿದು ಪೇಟೆಯಲ್ಲಿ ನಿಲ್ಲಿಸಿ ಮತ್ತೆ ಕೀ ತಿರುಗಿಸಿದರೆ ಹಿಂದಿನಿಂದ ಒಂದು ಟಕ್ ಎಂಬ ಸದ್ದು, ಅಷ್ಟೇ. ಕಾದ ಸೊಲೆನಾಯ್ಡಿನ ತಾಮ್ರದ ಸುರುಳಿಗೆ ಪ್ರತಿರೋಧ ಹೆಚ್ಚುತ್ತದೆ, ಸೊರಗಿದ ವೋಲ್ಟೇಜಿಗೆ ಅದನ್ನು ಎಳೆಯುವ ಶಕ್ತಿಯಿಲ್ಲ. ಅರ್ಧ ಗಂಟೆ ತಣಿದರೆ ಅದೇ ಗಾಡಿ ತಾನಾಗಿ ಹೊರಡುತ್ತದೆ. ಬಹಳ ಜನ ಇದನ್ನು ಸ್ಟಾರ್ಟರಿನ ದೋಷವೆಂದು ತಿಳಿದು ಒಳ್ಳೆಯ ಸ್ಟಾರ್ಟರನ್ನೇ ಬದಲಿಸುತ್ತಾರೆ.

ನನ್ನ ವ್ಯಾನಿನಲ್ಲಿ ಅದಕ್ಕಿಂತ ಕೆಟ್ಟ ಲಕ್ಷಣವೂ ಸೇರಿತು. ರಸ್ತೆಯ ಕುಳಿಗೆ ಚಕ್ರ ಇಳಿದರೆ ಎಂಜಿನ್ ಒಂದು ಕ್ಷಣ ನಿಂತಂತಾಗುತ್ತಿತ್ತು, ಕೀಯನ್ನು ಸ್ವಲ್ಪ ಒತ್ತಿ ಹಿಡಿದರೆ ಸರಿಯಾಗುತ್ತಿತ್ತು. ಎಂಜಿನ್ನಿನ ಕಿಡಿಗೆ ಕರೆಂಟ್ ಕೊಡುವ 15ನೆಯ ಕಾಲಿನ ಕಾಂಟ್ಯಾಕ್ಟ್ ಸಡಿಲವಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸುರಂಗದ ನಡುವೆ ಎಂಜಿನ್ನೂ ದೀಪವೂ ಒಟ್ಟಿಗೆ ಹೋದರೆ ಹಿಂದೆ ಬರುವವರಿಗೂ ಅಪಾಯ. ಗಾಡಿ ನಿಲ್ಲಿಸಿದೆ.

ಬದಲಿಸುವ ಕೆಲಸದಲ್ಲಿ ಗುಟ್ಟೇನಿಲ್ಲ, ತಾಳ್ಮೆ ಬೇಕು. ಮೊದಲು ಬ್ಯಾಟರಿಯ ನೆಗೆಟಿವ್ ಕಳಚಬೇಕು, 30ನೆಯ ತಂತಿಯಲ್ಲಿ ಸದಾ ಕರೆಂಟ್ ಇರುತ್ತದೆ. ಚಕ್ರ ನೇರ ನಿಲ್ಲಿಸಿ, ಸ್ಟೀರಿಂಗ್ ತೆಗೆಯುವ ಮುನ್ನ ಗುರುತು ಹಾಕಿಕೊಳ್ಳಬೇಕು. ಅದರ ಕೆಳಗೆ ಇಂಡಿಕೇಟರ್ ಮತ್ತು ವೈಪರ್ ಸ್ವಿಚ್, ಅವನ್ನು ಬಿಚ್ಚಿದರೆ ಲಾಕಿನ ಕವಚ ಕಾಣುತ್ತದೆ. ಸ್ವಿಚ್ಚನ್ನು ಹಿಡಿದಿರುವುದು ಒಂದು ಪುಟ್ಟ ಸ್ಕ್ರೂ. ಅದರ ತಲೆಗೆ ಹಳೆಯ ಬಣ್ಣ ಮೆತ್ತಿರುತ್ತದೆ, ಕೆರೆದು, ಸರಿಯಾದ ಅಳತೆಯ ಸ್ಕ್ರೂಡ್ರೈವರ್‌ನಲ್ಲೇ ತಿರುಗಿಸಬೇಕು. ಸ್ವಿಚ್ ಹೊರಬರುತ್ತದೆ, ಕೀಲಿ ಮತ್ತು ಲಾಕ್ ಹಾಗೇ ಉಳಿಯುತ್ತವೆ. ಲಾಕಿನ ತುದಿಯ ಚಪ್ಪಟೆ ನಾಲಿಗೆ ಹೊಸ ಸ್ವಿಚ್ಚಿನ ಸೀಳಿಗೆ ಕೂಡಬೇಕು, ಅದಕ್ಕಾಗಿ ಎರಡೂ ಆಫ್ ಸ್ಥಾನದಲ್ಲಿರಬೇಕು. ಜೋಡಿಸಿದ ಮೇಲೆ ಕೀ ತಿರುಗಿಸಿ ಬಿಟ್ಟಾಗ ತಾನಾಗಿ ಹಿಂದಕ್ಕೆ ಜಿಗಿಯುತ್ತದೆಯೇ ಎಂದು ನೋಡಲೇಬೇಕು. ಜಿಗಿಯದಿದ್ದರೆ ಓಡುವ ಎಂಜಿನ್ ಸ್ಟಾರ್ಟರನ್ನೂ ಎಳೆದುಕೊಂಡು ಹೋಗಿ ಸುಡುತ್ತದೆ.

ಹಳೆಯ ಸ್ವಿಚ್ಚನ್ನು ಒಡೆದು ನೋಡಿದೆ. 50ರ ಪಟ್ಟಿ ಕಪ್ಪಾಗಿ ತೂತು ತೂತಾಗಿತ್ತು. ಫೋಟೊ ತೆಗೆದು ತಿಪಟೂರಿಗೆ ಕಳಿಸಿದೆ. ಮಾವನಿಗೆ ಈಗ ವಯಸ್ಸಾಗಿದೆ, ಆದರೂ ಕಣ್ಣು ಚುರುಕಾಗಿದೆ. ಫೋನ್ ಮಾಡಿ, “ಸ್ವಿಚ್ಚಿಗೆ ಸುದ್ದಿ ಹೇಳೋ ಕೆಲಸ ಕೊಡಪ್ಪ, ಹೊರೋ ಕೆಲಸ ಕೊಡಬೇಡ. ರಿಲೇ ಹಾಕು” ಅಂದರು.

ಅವರ ಮಾತಿನಂತೆ ಸ್ಟಾರ್ಟರಿನ ಹತ್ತಿರವೇ ಒಂದು ರಿಲೇ ಕೂರಿಸಿದೆ. ಬ್ಯಾಟರಿ ಅಲ್ಲೇ ಇದೆ, ಸೊಲೆನಾಯ್ಡೂ ಅಲ್ಲೇ ಇದೆ, ದಪ್ಪ ತಂತಿ ಗೇಣುದ್ದ ಸಾಕು. ಸ್ವಿಚ್ಚಿನಿಂದ ಬರುವ ಹಳೆಯ ತಂತಿ ಈಗ ರಿಲೇಯನ್ನು ಎಬ್ಬಿಸುವಷ್ಟೇ ಕೆಲಸ ಮಾಡುತ್ತದೆ, ಅದಕ್ಕೆ ಒಂದು ಆಂಪಿಯರ್ ಕೂಡ ಬೇಡ. ಹೆಡ್‌ಲೈಟಿಗೂ ಎರಡು ರಿಲೇ ಹಾಕಿದೆ, ಪ್ರತಿಯೊಂದಕ್ಕೂ ಫ್ಯೂಸ್ ಕೊಟ್ಟೆ.

ಮೆಟಡಾರ್ ಇರಲಿ, ಫೋಕ್ಸ್‌ವ್ಯಾಗನ್ ಇರಲಿ, ಹಳೆಯ ವ್ಯಾನನ್ನು ಪ್ರೀತಿಯಿಂದ ಇಟ್ಟುಕೊಂಡವರಿಗೆ ನನ್ನ ಕೋರಿಕೆ ಇಷ್ಟೇ. ಸ್ವಿಚ್ ಬದಲಿಸುವ ದಿನವೇ ರಿಲೇಯನ್ನೂ ಹಾಕಿಸಿ, ಮುಂದಕ್ಕೆ ಹಾಕಬೇಡಿ. ಮನೆಯ, ಅಂಗಡಿಯ ಬೀಗದ ಕೈಗಳ ಗೊಂಚಲನ್ನು ಗಾಡಿಯ ಕೀಲಿಗೆ ನೇತುಹಾಕಬೇಡಿ. ಕೀ ಅಲುಗಿಸಿ ಎಂಜಿನ್ ಉಳಿಸಿಕೊಳ್ಳುವ ದಿನ ಬಂದರೆ ಆ ಗಾಡಿಯನ್ನು ಸ್ವಿಚ್ ಬದಲಿಸುವ ತನಕ ರಸ್ತೆಗೆ ಇಳಿಸಬೇಡಿ.