ಸ್ಕೈಲ್ಯಾಬ್ ಬಿದ್ದ ಆಷಾಢ



2021ರ ಮೇ ತಿಂಗಳಿನಲ್ಲಿ ಚೀನಾ ದೇಶದ ರಾಕೆಟ್ಟಿನ ದೊಡ್ಡದೊಂದು ಭಾಗ ಭೂಮಿಗೆ ಮರಳಿ ಬೀಳಲಿದೆಯೆಂಬ ಸುದ್ದಿ ಹಬ್ಬಿತ್ತು. ಕೊನೆಗೆ ಅದು ಮಾಲ್ಡೀವ್ಸ್ ಸಮೀಪ ಹಿಂದೂ ಮಹಾಸಾಗರದಲ್ಲಿ ಬಿತ್ತು. ಕೊರೋನಾದ ಎರಡನೆಯ ಅಲೆಯಲ್ಲಿ ಮುಳುಗಿದ್ದ ನಮಗೆ ಆಕಾಶದತ್ತ ತಲೆಯೆತ್ತಿ ನೋಡುವ ವ್ಯವಧಾನವೂ ಇರಲಿಲ್ಲ. ನನ್ನ ತಂಗಿಯ ಮಗಳು ಮಾತ್ರ ನಗುತ್ತ, "ಮಾವ, ಛತ್ರಿ ಹಿಡಿದುಕೊಂಡೇ ಹೊರಗೆ ಹೋಗಿ" ಎಂದಳು. ನಾನೂ ನಕ್ಕೆ. ಆದರೆ ಆ ರಾತ್ರಿ ನನಗೆ 1979ನೆಯ ಇಸವಿಯ ಆಷಾಢ ಮಾಸ ನೆನಪಾಗಿ ಬಹಳ ಹೊತ್ತು ನಿದ್ರೆ ಬರಲಿಲ್ಲ. ಅದನ್ನು ಬರೆದಿಡಬೇಕೆಂದು ಅಂದಿನಿಂದ ಅಂದುಕೊಳ್ಳುತ್ತಲೇ ಇದ್ದೆ.

ನಿಮ್ಮಲ್ಲಿ ಅನೇಕರು ಆಗ ಹುಟ್ಟಿರಲಿಲ್ಲವಾದ್ದರಿಂದ ಹಿನ್ನೆಲೆಯನ್ನು ಸ್ವಲ್ಪ ಹೇಳುತ್ತೇನೆ. ಸ್ಕೈಲ್ಯಾಬ್ ಎಂಬುದು ಅಮೆರಿಕದ ಮೊದಲ ಅಂತರಿಕ್ಷ ನಿಲ್ದಾಣ. 1973ರ ಮೇ 14ರಂದು ಅದನ್ನು ಹಾರಿಸಿದರು. ತೂಕ ಸುಮಾರು 77 ಟನ್. ಮೂವರಂತೆ ಮೂರು ತಂಡಗಳು ಅದರಲ್ಲಿ ಕ್ರಮವಾಗಿ 28, 59 ಮತ್ತು 84 ದಿನ ವಾಸವಾಗಿದ್ದು, 1974ರ ಫೆಬ್ರವರಿಯಲ್ಲಿ ಕೊನೆಯ ತಂಡ ಇಳಿದು ಬಂದ ಮೇಲೆ ಅದು ಯಜಮಾನನಿಲ್ಲದ ಮನೆಯಂತೆ ಸುತ್ತುತ್ತಿತ್ತು. ಮುಂದೆ ಸ್ಪೇಸ್ ಶಟಲ್ ಸಿದ್ಧವಾದಾಗ ಅದನ್ನು ಇನ್ನೂ ಮೇಲಕ್ಕೆ ತಳ್ಳಬಹುದೆಂಬುದು ಅಮೆರಿಕನ್ನರ ಯೋಚನೆಯಾಗಿತ್ತು. ಆದರೆ ಶಟಲ್ ತಡವಾಗಿ, 1981ರಲ್ಲಿ ಹಾರಿತು. ಅಷ್ಟರೊಳಗೆ ಸೂರ್ಯನ ಚಟುವಟಿಕೆ ಎಣಿಸಿದ್ದಕ್ಕಿಂತ ಹೆಚ್ಚಾಗಿ, ಮೇಲಿನ ವಾಯುಮಂಡಲ ಉಬ್ಬಿ, ಗಾಳಿಯ ಸೆಳೆತಕ್ಕೆ ಸಿಕ್ಕ ನಿಲ್ದಾಣ ಕೆಳಗಿಳಿಯತೊಡಗಿತು. ಅದರ ಪಥವು ಭೂಮಧ್ಯರೇಖೆಯ ಇಬ್ಬದಿಗೆ 50 ಡಿಗ್ರಿಗಳವರೆಗೆ ಹಬ್ಬಿತ್ತು. ಎಂದರೆ ಭಾರತವೆಲ್ಲವೂ ಅದರ ಕೆಳಗೇ ಇತ್ತು!

ನಾಸಾ ಸಂಸ್ಥೆಯು ಲೆಕ್ಕ ಹಾಕಿ, ಭೂಮಿಯ ಮೇಲಿರುವ ಯಾರಾದರೂ ಒಬ್ಬರಿಗೆ ಚೂರು ತಗಲುವ ಸಾಧ್ಯತೆ 152ರಲ್ಲಿ ಒಂದು ಎಂದು ತಿಳಿಸಿತು. ನಿರ್ದಿಷ್ಟವಾಗಿ ನಿಮಗೋ ನನಗೋ ತಗಲುವ ಸಾಧ್ಯತೆ 60,000 ಕೋಟಿಯಲ್ಲಿ ಒಂದು. ಜನರ ಕಿವಿಗೆ ಬಿದ್ದದ್ದು ಮೊದಲನೆಯ ಸಂಖ್ಯೆ. ಎರಡನೆಯದನ್ನು ಹೇಳುವವರೂ ಕೇಳುವವರೂ ಕಡಿಮೆ.

ಅಮೆರಿಕದಲ್ಲಿ ಇದು ವಿನೋದದ ಸಂಗತಿಯಾಯಿತು. ಗುರಿಯ ಚಿತ್ರ ಬರೆದ ಅಂಗಿಗಳನ್ನೂ ತಲೆಗೆ ಹಾಕುವ ಟೋಪಿಗಳನ್ನೂ ಮಾರಿದರು. ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದು ಮೊದಲ ಚೂರನ್ನು 72 ಗಂಟೆಗಳೊಳಗೆ ತಂದೊಪ್ಪಿಸಿದವರಿಗೆ 10,000 ಡಾಲರ್ ಬಹುಮಾನ ಘೋಷಿಸಿತು. ಫಿಲಿಪ್ಪೀನ್ಸ್ ದೇಶದ ಮಿಂಡನಾವೋದಲ್ಲಿ ಇಬ್ಬದಿಗೆ ಹಲಗೆ ಕಟ್ಟಿಕೊಂಡು ಜನರನ್ನು ಹೊರುವ ಬಾಡಿಗೆ ಮೋಟಾರ್ ಸೈಕಲ್ಲಿಗೆ ಸ್ಕೈಲ್ಯಾಬ್ ಎಂಬ ಹೆಸರೇ ನಿಂತಿತು. ತೆಲಂಗಾಣದ ಹಳ್ಳಿಯೊಂದರ ಅಂದಿನ ಗಾಬರಿಯನ್ನು ಕುರಿತು 2021ರಲ್ಲಿ ಇದೇ ಹೆಸರಿನ ತೆಲುಗು ಚಲನಚಿತ್ರವೂ ಬಂದಿತು.

ನಮ್ಮೂರಿನಲ್ಲಿ ಗಾಬರಿಯೂ ಇತ್ತು, ವಿನೋದವೂ ಇತ್ತು. ನಾನಾಗ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ. ಸಾಯಂಕಾಲದ ಬಸ್ಸಿನಲ್ಲಿ ಬರುತ್ತಿದ್ದ ಪತ್ರಿಕೆಯನ್ನು ಅರಳಿಕಟ್ಟೆಯ ಮೇಲೆ ಕುಳಿತು ಹಿರಿಯರಿಗೆ ಓದಿ ಹೇಳುವುದು ನನ್ನ ಪಾಲಿಗೆ ಬಂದ ಕೆಲಸ, ಹೆಮ್ಮೆಯ ಕೆಲಸ. ಆ ದಿನಗಳಲ್ಲಿ ಮೊದಲು ಸ್ಕೈಲ್ಯಾಬ್ ಸುದ್ದಿ ಓದಬೇಕು, ಆಮೇಲೆ ಉಳಿದದ್ದು. ದೇವರಾಜ ಅರಸರಿಗೂ ಇಂದಿರಾ ಗಾಂಧಿಯವರಿಗೂ ಬಿರುಕು ಬಿಟ್ಟು ರಾಜ್ಯದ ರಾಜಕೀಯವೇ ಅಲ್ಲಾಡುತ್ತಿದ್ದ ಕಾಲವದು. ಆದರೂ ಅದನ್ನು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಒಬ್ಬರು, "ಬೀಳೋದಾದ್ರೆ ಸಾಲ ಕೊಟ್ಟೋರ್ ಮನೆ ಮ್ಯಾಲೆ ಬೀಳ್ಲಿ" ಎನ್ನುವರು. ಇನ್ನೊಬ್ಬರು, ಹೇಗೂ ಹೋಗುವ ಪ್ರಾಣವೆಂದು ಸಾಕಿದ ಹುಂಜವನ್ನು ಕೊಯ್ದು ತಿಂದರು. ನಮ್ಮ ತಂದೆಯವರು ಮಾತ್ರ, "ರಾಗಿ ಹೊಲಕ್ಕೆ ಮಳೆ ಬೀಳುತ್ತದೆಯೋ ಇಲ್ಲವೋ ಅದನ್ನು ಓದು" ಎಂದು ಗದರಿಸಿದರು.

ಕೇಳುಗರು ಹೆಚ್ಚಿದಂತೆ ನನ್ನ ಓದೂ ಹೆಚ್ಚಾಯಿತು. ಪತ್ರಿಕೆಯಲ್ಲಿ ಇಲ್ಲದ ಎರಡು ಮಾತುಗಳನ್ನು ನಾನೇ ಸೇರಿಸುತ್ತಿದ್ದೆ. ಒಂದು ಸಂಜೆ ಮೂಲೆಮನೆಯ ಅಜ್ಜಿ ಎಲ್ಲರೂ ಹೋಗುವವರೆಗೆ ಕಾದಿದ್ದು, "ಏನಪ್ಪಾ, ಅದು ನಮ್ಮೂರ್ ಮ್ಯಾಲೇ ಬೀಳ್ತದಂತಾ?" ಎಂದು ಕೇಳಿದರು. ಗೊತ್ತಿಲ್ಲ ಎನ್ನಬಹುದಾಗಿತ್ತು. ಎರಡನೆಯ ಸಂಖ್ಯೆಯನ್ನಾದರೂ ಹೇಳಬಹುದಾಗಿತ್ತು. ನಾನು ಕನ್ನಡಕವಿಲ್ಲದಿದ್ದರೂ ಕನ್ನಡಕ ಹಾಕಿಕೊಂಡವನಂತೆ ಮುಖ ಮಾಡಿ, "ಬಿದ್ದರೂ ಬೀಳಬಹುದು ಅಜ್ಜಿ, ನಮ್ಮ ನೆತ್ತಿಯ ಮೇಲೇ ಹಾದು ಹೋಗುತ್ತದೆ" ಎಂದೆ. ಹಾದು ಹೋಗುತ್ತದೆ ಎಂಬುದಷ್ಟು ನಿಜ.

ಅಜ್ಜಿಗೆ ಇದ್ದುದು ಎರಡು ಮೇಕೆ, ತಾಯಿಯಿಲ್ಲದ ಇಬ್ಬರು ಮೊಮ್ಮಕ್ಕಳು. ದೀಪಾವಳಿಯ ಹೊತ್ತಿಗೆ ಮೇಕೆಗಳನ್ನು ಮಾರಿ ಮನೆಯ ಮಾಡು ಹೊದಿಸಬೇಕೆಂದು ಅವರು ಹೇಳುತ್ತಿದ್ದುದನ್ನು ನಾನೇ ಕೇಳಿದ್ದೆ. ಮರುದಿನ ಊರಿಗೆ ಬಂದ ವ್ಯಾಪಾರಿಗೆ ಅವೆರಡನ್ನೂ ಸಂತೆಯ ಬೆಲೆಯ ಅರ್ಧಕ್ಕೆ ಕೊಟ್ಟುಬಿಟ್ಟರು. ಆ ಹಣದಲ್ಲಿ ಅಕ್ಕಿ, ಬೆಲ್ಲ, ಮಕ್ಕಳಿಬ್ಬರಿಗೂ ಹೊಸ ಬಟ್ಟೆ. ನಾಲ್ಕು ದಿನ ಆ ಮನೆಯಲ್ಲಿ ಪಾಯಸ. ಆಷಾಢದಲ್ಲಿ ಮದುವೆ ಮನೆಯೇ ಎಂದು ಬೀದಿಯವರೆಲ್ಲ ನಕ್ಕರು. ನಾನೂ ನಕ್ಕವರಲ್ಲಿ ಒಬ್ಬ.

1979ರ ಜುಲೈ 11, ಬುಧವಾರ. ಹುಣ್ಣಿಮೆ ಕಳೆದು ಎರಡೇ ದಿನ. ಊರಿನ ಅರ್ಧದಷ್ಟು ಜನ ಅಂಗಳದಲ್ಲಿ ಕಂಬಳಿ ಹೊದ್ದು ಕುಳಿತಿದ್ದರು. ಮನೆಯೊಳಗಿದ್ದರೆ ತೊಲೆ ಬೀಳುವುದೆಂಬ ಭಯ. ಸ್ಕೈಲ್ಯಾಬ್ ಒಡೆದು ಚೂರಾದಾಗ ನಮ್ಮಲ್ಲಿ ರಾತ್ರಿ ಹತ್ತು ಗಂಟೆ ದಾಟಿತ್ತು. ದಕ್ಷಿಣ ಆಫ್ರಿಕಾದ ಆಚೆಯ ಸಮುದ್ರದಲ್ಲಿ ಬೀಳಿಸಬೇಕೆಂದು ಯೋಜಿಸಿದ್ದರೂ ಅದು ಎಣಿಸಿದ್ದಕ್ಕಿಂತ ನಿಧಾನವಾಗಿ ಒಡೆದು, ಹಲವು ಚೂರುಗಳು ಪಶ್ಚಿಮ ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಪಟ್ಟಣದ ಸುತ್ತಮುತ್ತ ಬಿದ್ದವು. ಯಾರಿಗೂ ಗಾಯವಾಗಲಿಲ್ಲ. ಅಲ್ಲಿನ 17 ವರ್ಷದ ಹುಡುಗನೊಬ್ಬ ಚೂರುಗಳನ್ನು ಎತ್ತಿಕೊಂಡು ವಿಮಾನವೇರಿ ಹೋಗಿ ಬಹುಮಾನ ಪಡೆದ. ನನಗಿಂತ ಎರಡೇ ವರ್ಷ ದೊಡ್ಡವನು! ಎಸ್ಪೆರೆನ್ಸಿನ ಸ್ಥಳೀಯ ಆಡಳಿತವು ಕಸ ಎಸೆದ ಅಪರಾಧಕ್ಕಾಗಿ ಅಮೆರಿಕಕ್ಕೆ 400 ಡಾಲರ್ ದಂಡ ವಿಧಿಸಿತು. ಅರ್ಧ ತಮಾಷೆಯ ಆ ದಂಡವನ್ನು 30 ವರ್ಷಗಳ ಬಳಿಕ, 2009ರಲ್ಲಿ, ಅಮೆರಿಕದ ರೇಡಿಯೋ ನಿರೂಪಕರೊಬ್ಬರು ಶ್ರೋತೃಗಳಿಂದ ಹಣ ಕೂಡಿಸಿ ಕಟ್ಟಿದರು.

ನಾಲ್ಕು ದಿನಗಳ ನಂತರ, ಜುಲೈ 15ರಂದು, ಮೊರಾರ್ಜಿ ದೇಸಾಯಿಯವರು ರಾಜೀನಾಮೆ ಕೊಟ್ಟರು. ಬೀಳಬೇಕಾದದ್ದು ದೆಹಲಿಯಲ್ಲಿ ಬಿತ್ತೆಂದು ಕಟ್ಟೆಯಲ್ಲಿ ಮತ್ತೆ ನಗು. ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 11ರಂದು, ಗುಜರಾತಿನ ಮಚ್ಛು ಅಣೆಕಟ್ಟು ಒಡೆದು ಮೋರ್ಬಿ ಪಟ್ಟಣದಲ್ಲಿಯೂ ಸುತ್ತಲ ಹಳ್ಳಿಗಳಲ್ಲಿಯೂ ಸಾವಿರಾರು ಜನ ಸತ್ತರು. ಅದನ್ನೂ ನಾನೇ ಓದಿ ಹೇಳಿದೆ. ಕೇಳಿದವರು "ಪಾಪ" ಎಂದು ಎದ್ದು ಹೋದರು. ಸ್ಕೈಲ್ಯಾಬಿನಷ್ಟು ದಿನ ಆ ಮಾತು ನಡೆಯಲಿಲ್ಲ. ಇತಿಹಾಸ ಪಾಠ ಮಾಡಿದ ಅಷ್ಟು ವರ್ಷವೂ ಇದು ನನ್ನನ್ನು ಕಾಡಿದೆ.

ಆ ವರ್ಷ ಮೂಲೆಮನೆಯ ಮಾಡು ಹೊದಿಸಲಿಲ್ಲ. ಮಳೆ ಬಂದಾಗ ಅಜ್ಜಿ ಮೊಮ್ಮಕ್ಕಳನ್ನು ನಮ್ಮ ಜಗಲಿಗೆ ಕರೆತಂದು ಮಲಗಿಸುತ್ತಿದ್ದರು. ಒಮ್ಮೆ ಧೈರ್ಯ ಮಾಡಿ, "ನನ್ನಿಂದ ನಿಮ್ಮ ಮೇಕೆ ಹೋದವು ಅಜ್ಜಿ" ಎಂದೆ. ಅವರು ನನ್ನ ತಲೆ ಸವರಿ, "ನೀನೇನ್ ಮಾಡ್ದಪ್ಪಾ, ಪೇಪರ್ನಾಗ್ ಇದ್ದದ್ದ ಓದ್ದೆ" ಎಂದರು. ಪೇಪರಿನಲ್ಲಿ ಅದು ಇರಲಿಲ್ಲವೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವರು ತೀರಿಕೊಂಡದ್ದು ನಾನು ಬಿ.ಎಡ್. ಓದುತ್ತಿದ್ದಾಗ, ಸುದ್ದಿ ತಲುಪುವಷ್ಟರಲ್ಲಿ ಎಲ್ಲವೂ ಮುಗಿದಿತ್ತು.

ಹತ್ತನೆಯ ತರಗತಿಯಲ್ಲಿ ಯಾರಾದರೂ ಪಠ್ಯದಲ್ಲಿಲ್ಲದ್ದನ್ನು ಸೇರಿಸಿ ಓದಿದಾಗ ನಾನು ಪುಸ್ತಕ ಮುಚ್ಚಿಸಿ ನಿಲ್ಲಿಸುತ್ತಿದ್ದುದು ನಿಮಗೆ ನೆನಪಿರಬಹುದು. ಮೇಷ್ಟ್ರಿಗೆ ಇಷ್ಟಕ್ಕೇಕೆ ಇಷ್ಟು ಸಿಟ್ಟು ಎಂದು ನೀವು ಗೊಣಗುತ್ತಿದ್ದುದೂ ನನಗೆ ಕೇಳಿಸುತ್ತಿತ್ತು. ನಿಮ್ಮ ಮನೆಯ ಹಿರಿಯರು ಆ ಜುಲೈ ತಿಂಗಳಲ್ಲಿ ಏನು ಮಾರಿದರು, ಏನು ತಿಂದರು, ಕೇಳಿ ತಿಳಿಸಿದರೆ ಬರೆದಿಟ್ಟುಕೊಳ್ಳುತ್ತೇನೆ.