ಎರೆಹೊಲ ಬೇಡಿದ ಅಗಲ ಗಾಲಿ

ಮೂಡಲಗಿಯಲ್ಲಿ ಟ್ರ್ಯಾಕ್ಟರ್ ಟೈರು ಬಿಚ್ಚಿ ಹಾಕುವುದು ನನ್ನ ಕಸುಬು. ಕಬ್ಬಿನ ಹಂಗಾಮು ಹತ್ತಿರ ಬಂದರೆ ಹುಡುಗರದು ಒಂದೇ ಮಾತು: "ಕಾಕಾ, ಹಿಂದಿನ ಗಾಲಿ ಅಗಲದ್ದು ಹಾಕ್ರಿ." ಇದನ್ನು ಬರೀ ಷೋಕಿ ಅನ್ನಲು ನನಗೆ ಮನಸ್ಸಿಲ್ಲ. ಅಗಲದ ಆಸೆಗೆ ಈ ನೆಲದಲ್ಲಿ ಹಳೆಯ ಕಾರಣವಿದೆ.

ನಮ್ಮಪ್ಪ ಚಕ್ಕಡಿ ಹೊಡೆದವರು. ಕಟ್ಟಿಗೆಯ ಗಾಲಿಗೆ ಕಬ್ಬಿಣದ ಹಳಿ ಕೂಡಿಸುವ ದಿನ ಬಡಿಗೇರ, ಕಂಬಾರ ಇಬ್ಬರೂ ಬೇಕು. ಹಳಿಯ ಸುತ್ತಳತೆ ಗಾಲಿಗಿಂತ ತುಸು ಕಡಿಮೆ ಇಟ್ಟಿರುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಅದು ಹಿಗ್ಗುತ್ತದೆ. ಇಕ್ಕಳದಿಂದ ಎತ್ತಿ, ಕಟ್ಟಿಗೆಗೆ ತೊಡಿಸಿ, ಬಡಿದು, ಹೊಗೆ ಏಳುವಷ್ಟರಲ್ಲೇ ನೀರು ಸುರಿಯಬೇಕು. ಹಳಿ ಕುಗ್ಗುತ್ತಲೇ ಇಡೀ ಗಾಲಿ ಬಿಗಿಯುತ್ತದೆ. ಗಟ್ಟಿ ದಾರಿಗೆ ಅದು ಒಳ್ಳೆಯ ಗಾಲಿ. ಆದರೆ ಮಳೆ ಹಿಡಿದ ಎರೆಹೊಲದಲ್ಲಿ ಆ ಕಿರಿದಾದ ಹಳಿ ಅಚ್ಚಿನವರೆಗೆ ಹೂತು, ಎತ್ತುಗಳ ಹೆಗಲು ಹರಿಯುತ್ತಿತ್ತು.

1897ರಲ್ಲಿ ಗೋಕಾಕ ಸೀಮೆಯ ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಬಿತ್ತು. ಮುಂದೆ ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ಅಣೆಕಟ್ಟು. ಕಾಲುವೆಯ ನೀರು ಕಬ್ಬು ತಂದಿತು, ಸಂಕೇಶ್ವರದ ಹಿರಣ್ಯಕೇಶಿಯಂಥ ಕಾರ್ಖಾನೆಗಳು ಬಂದವು, ಹೇರಿನ ತೂಕ ಏರಿತು. ಚಕ್ಕಡಿ ಟೈರಗಾಡಿಯಾಯಿತು. ಬೆಂಗಳೂರಿನ ಐಐಎಂನ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿ ಸುಧಾರಿಸಬೇಕೆಂದು ವರ್ಷಗಟ್ಟಲೆ ದುಡಿದರು. ಮೂಕ ಪ್ರಾಣಿಯ ಹೆಗಲಿಗಾಗಿ ತಲೆ ಕೆಡಿಸಿಕೊಂಡ ಅಂಥವರನ್ನು ನಮ್ಮ ಊರುಗಳು ನೆನೆಯಬೇಕು.

ಟ್ರ್ಯಾಕ್ಟರಿಗೂ ಮೊದಮೊದಲು ಹಲ್ಲಿನ ಕಬ್ಬಿಣದ ಗಾಲಿಗಳೇ ಇದ್ದವು. ಅಮೆರಿಕದ ಆಲಿಸ್-ಚಾಮರ್ಸ್ ಕಂಪನಿ 1932ರಲ್ಲಿ ಗಾಳಿ ತುಂಬಿದ ರಬ್ಬರ್ ಟೈರಿನ ಟ್ರ್ಯಾಕ್ಟರ್ ಮಾರಾಟಕ್ಕೆ ತಂದಿತು. ಮೊದಲ ಪರೀಕ್ಷೆ ವಿಮಾನದ ಟೈರು ಹಾಕಿ ನಡೆದಿತ್ತು.

ಈಗ ನನ್ನ ಅಂಗಡಿಗೆ 13.6-28 ತೆಗೆದು 16.9-28 ಏರಿಸಲು ಬರುತ್ತಾರೆ. ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಇಂಚಿನಲ್ಲಿ. ವ್ಯಾಸ ಒಂದೇ ಇರುವುದರಿಂದ ಹಳೆಯ ರಿಮ್ಮೇ ಸಾಕೆಂದು ಹುಡುಗರು ವಾದಿಸುತ್ತಾರೆ. ಸಾಲದು. ಕಿರಿದಾದ ರಿಮ್ಮಿನಲ್ಲಿ ಅಗಲ ಟೈರಿನ ನಡು ಉಬ್ಬುತ್ತದೆ, ಅಂಚು ನೆಲ ಮುಟ್ಟುವುದಿಲ್ಲ, ನಡುವಿನ ಹಲ್ಲು ಬೇಗ ಸವೆಯುತ್ತದೆ. ದುಡ್ಡು ಕೊಟ್ಟ ಅಗಲವೇ ಕೆಲಸಕ್ಕೆ ಬರುವುದಿಲ್ಲ. ಟೈರಿನ ಎತ್ತರವೂ ಹೆಚ್ಚುವುದರಿಂದ ಮಡ್‌ಗಾರ್ಡಿಗೆ ತಾಗುತ್ತದೆ. ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರಿನಲ್ಲಿ ಮುಂದಿನದಕ್ಕೂ ಹಿಂದಿನದಕ್ಕೂ ಇರುವ ಲೆಕ್ಕ ತಪ್ಪಿ ಗೇರಿಗೆ ಪೆಟ್ಟು. ಕೂಳೆ ಕಬ್ಬಿನ ಸಾಲಿನಲ್ಲಂತೂ ಅಗಲ ಗಾಲಿ ಚಿಗುರನ್ನೇ ತುಳಿಯುತ್ತದೆ.

ಎರೆಹೊಲದ ಉಳುಮೆಗೆ ಅಗಲ ಟೈರು ಹಾಕಿಸಿರಿ, ಬೇಡ ಅನ್ನುವುದಿಲ್ಲ. ಆದರೆ ರಿಮ್ಮನ್ನೂ ಜೊತೆಗೇ ಬದಲಿಸಿರಿ. ನಿಮ್ಮ ಸಾಲಿನ ಅಂತರ ಅಳೆದುಕೊಂಡು ಅಂಗಡಿಗೆ ಬರ್ರಿ.