ರಕ್ತಹೀನತೆಯೂ ಹಾರ್ಮೋನು ಚಿಕಿತ್ಸೆಯೂ: ಒಂದು ಚಾರಿತ್ರಿಕ ವಿವೇಚನೆ

ರಕ್ತಹೀನತೆಯು ಒಂದೇ ವ್ಯಾಧಿಯಲ್ಲವೆಂಬುದಕ್ಕೆ ಚಾಮರಾಜನಗರ ಸೀಮೆಯೇ ನಮಗೆ ನಿದರ್ಶನವಾಗಿದೆ. ಗುಂಡ್ಲುಪೇಟೆಯ ಗಡಿಗೆ ಹೊಂದಿದ ನೀಲಗಿರಿಯ ಗಿರಿಜನರಲ್ಲಿ ಕುಡುಗೋಲು ಕಣದ ದೋಷವನ್ನು ಲೇಮನ್ ಮತ್ತು ಕಟ್‌ಬುಷ್ 1952ರಲ್ಲಿ ಗುರುತಿಸಿದರು; ಮುಂದೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಅದು ಕಂಡುಬಂದಿತು. ಹಿಮೋಗ್ಲೋಬಿನ್ನಿನ ರಚನೆಯಲ್ಲಿಯೇ ಇರುವ ಈ ದೋಷವು ವಂಶಾನುಗತವಾದುದು.

ಇತ್ತ ಕೆಂಪುಕಣಗಳ ಉತ್ಪತ್ತಿಯನ್ನು ಪ್ರೇರಿಸುವ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನು 1977ರಲ್ಲಿ ಶುದ್ಧರೂಪದಲ್ಲಿ ದೊರೆತು, 1989ರಲ್ಲಿ ಅಮೆರಿಕದಲ್ಲಿ ಚುಚ್ಚುಮದ್ದಾಗಿ ಅಂಗೀಕೃತವಾಯಿತು. ಅದನ್ನು ಮುಖ್ಯವಾಗಿ ಉತ್ಪಾದಿಸುವುದು ಮೂತ್ರಪಿಂಡ; ಆ ಅಂಗವು ಕೆಟ್ಟಾಗ ಉಂಟಾಗುವ ರಕ್ತಹೀನತೆಗೆ ಈ ಮದ್ದು ವರವಾಯಿತು. ಆದರೆ ಕುಡುಗೋಲು ಕಣದ ರೋಗಿಯಲ್ಲಿ ಹೊಸದಾಗಿ ಹುಟ್ಟುವ ಕಣಗಳಲ್ಲಿಯೂ ಆ ದೋಷವೇ ಇರುತ್ತದೆ. ಕಬ್ಬಿಣಾಂಶದ ಕೊರತೆಯಿದ್ದಲ್ಲಿಯೂ ಹಾರ್ಮೋನು ಮಾತ್ರದಿಂದ ಫಲವಿಲ್ಲ. ಮದ್ದಿಗಿಂತ ಮೊದಲು ಕಾರಣವನ್ನು ಅರಿಯಬೇಕೆಂಬುದೇ ಈ ಇತಿಹಾಸದಿಂದ ನಾವು ಪಡೆಯುವ ಪಾಠ.